‘ಎಂತಕ್ಕೆ ಅಳ್ತೀ?’ ಅಂತ ಮೊದಲೇ ಕೇಳಬೇಡಿ

ಈ ಸಲ ಪತ್ರಗಳ ಕಟ್ಟು ಸ್ವಲ್ಪ ದಪ್ಪವೇ ಇತ್ತು. ಪುಟ್ಟ ಮಕ್ಕಳ ಸಿಟ್ಟು, ಹೆದರಿಕೆ, ಹಟದ ಬಗ್ಗೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೇ ತಡ, ಕಾರವಾರದಿಂದ ಹೊನ್ನಾವರದ ತನಕ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಬಂದವು. ಏಳನ್ನು ಆರಿಸಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಬಾಲವಾಡಿಯಲ್ಲಿ 26 ವರ್ಷ ಮಕ್ಕಳ ಮೂಗು ಒರೆಸಿದವಳು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿಕೊಂಡವಳು.

ಪ್ರಶ್ನೆ: ಅಕ್ಕೋರೆ, ನಮ್ಮದು ಶಿರಸಿ ಪೇಟೆ. ಮಗನಿಗೆ ನಾಲ್ಕು ತುಂಬುತ್ತಾ ಬಂತು. ಕಳೆದ ಹೋಳಿ ಹಬ್ಬಕ್ಕೆ ಬೇಡರ ವೇಷ ನೋಡಲು ಕರೆದುಕೊಂಡು ಹೋಗಿದ್ದೆವು. ವೇಷ ಹತ್ತಿರ ಬಂದು ಒಮ್ಮೆ ನುಗ್ಗಿದ್ದೇ ಸೈ, ಕಿಟಾರನೆ ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದ. ಅವತ್ತಿನಿಂದ ಎಲ್ಲಾದರೂ ತಮಟೆ ಸದ್ದು ಕೇಳಿದರೆ ಮಂಚದಡಿ ಸೇರುತ್ತಾನೆ. ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಇವರು "ಗಂಡುಹುಡುಗ, ಇಷ್ಟಕ್ಕೆಲ್ಲ ಹೆದರೋದಾ" ಅಂತ ಬೈಯುತ್ತಾರೆ. ನಮ್ಮತ್ತೆ, ಊಟ ಮಾಡದಿದ್ದರೆ "ಬೇಡ ಬಂದ ನೋಡು" ಅನ್ನುತ್ತಾರೆ. ಊಟವೇನೋ ಆಗುತ್ತದೆ. ಆದರೆ ನನಗೆ ಇದು ಸರಿ ಕಾಣುತ್ತಿಲ್ಲ.

ಉತ್ತರ: ನಿಮಗೆ ಕಂಡದ್ದೇ ಸರಿ ತಂಗಿ. ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ, ಬೇಡನನ್ನು ಊಟದ ಮನೆಯಿಂದ ಹೊರಗೆ ಕಳಿಸಲಿ. ಎರಡು ತುತ್ತು ಜಾಸ್ತಿ ಹೋಗುತ್ತದೆ ನಿಜ, ಆದರೆ ಆ ತುತ್ತಿನ ಜೊತೆ ಹೆದರಿಕೆಯೂ ದಿನಾ ಎರಡು ಹೊತ್ತು ಒಳಗೆ ಹೋಗುತ್ತಿದೆ.

ಮೊದಲು, ಅವನು ಹೆದರಿದ್ದು ಹೇಡಿತನ ಅಲ್ಲ. 1969ರಲ್ಲಿ ಅಮೆರಿಕದ ರೀಟಾ ಡಿವ್ರೀಸ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗ ಪ್ರಕಟಿಸಿದರು. ಮೇನಾರ್ಡ್ ಅಂತ ಒಂದು ಸಾಧು ಬೆಕ್ಕು. ಮಕ್ಕಳಿಗೆ ಬೆಕ್ಕನ್ನು ತೋರಿಸಿ, ಆಮೇಲೆ ಬಾಲ ಕಾಣುತ್ತಲೇ ಇರುವಂತೆ ಮುಂಭಾಗ ಮಾತ್ರ ಮರೆಮಾಡಿ, ಅದರ ಮುಖಕ್ಕೆ ನಾಯಿಯ ಮುಖವಾಡ ಹಾಕಿದರು. ಮೂರು ವರ್ಷದ ಹೆಚ್ಚಿನ ಮಕ್ಕಳು ಈಗ ಇದು ನಾಯಿಯೇ ಅಂದವು. ಆರು ವರ್ಷದವರು ಮಾತ್ರ, ಎಲ್ಲಾದರೂ ಉಂಟಾ, ಮುಖವಾಡ ಹಾಕಿದ ಬೆಕ್ಕು ಅಂದರು. ನಿಮ್ಮ ಮಗನ ಲೆಕ್ಕವೂ ಇದೇ. ಒಳಗಿರುವುದು ಪಕ್ಕದ ಕೇರಿಯ ಅಣ್ಣ ಅಂತ ನೀವು ಎಷ್ಟು ಹೇಳಿದರೂ, ಬಣ್ಣ ಬಳಿದ ಮೇಲೆ ಅಣ್ಣ ಹೋದ, ಬೇಡ ಬಂದ. ಅಷ್ಟಕ್ಕೂ ಆ ವೇಷ ಇರುವುದೇ ಹೆದರಿಸಲು. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ಹಿಂದೆ ಹಗ್ಗ ಜಗ್ಗಿ ಹಿಡಿದ ಇಬ್ಬರು, ರಾತ್ರಿ ಹೊತ್ತು, ಕಿವಿ ಒಡೆಯುವ ತಮಟೆ. ಹಗ್ಗ ಬಿಟ್ಟರೆ ಜನರ ಮೇಲೇ ಹಾರುತ್ತಾನೆ ಅಂತ ತಾನೇ ಅದರ ಸೊಗಸು? ನಾವು ದೊಡ್ಡವರು ನಂಬಿದ ಹಾಗೆ ಮಾಡಿ ಖುಷಿಪಡುತ್ತೇವೆ. ಅವನು ನಿಜಕ್ಕೂ ನಂಬಿದ.

ಇನ್ನು "ಗಂಡುಹುಡುಗ" ಮಾತು. ಹಾಗೆ ಹೇಳಿದರೆ ಹೆದರಿಕೆ ಹೋಗುವುದಿಲ್ಲ. ಹೆದರಿಕೆಯನ್ನು ಅಪ್ಪನ ಹತ್ತಿರ ಹೇಳುವುದು ನಿಲ್ಲುತ್ತದೆ, ಅಷ್ಟೇ. ಹದಿನೈದು ವರ್ಷ ಆದಮೇಲೆ ಇದೇ ಅಪ್ಪ ನನಗೆ ಪತ್ರ ಬರೆಯುತ್ತಾರೆ, ಮಗ ಮನೆಯಲ್ಲಿ ಬಾಯಿಯೇ ಬಿಡುವುದಿಲ್ಲ ಅಂತ. ಅಂಥ ಪತ್ರಗಳೂ ನನ್ನ ಹತ್ತಿರ ಇವೆ.

ಈಗ ಮಾಡುವುದೇನು? ಒಂದು ದಿನ ಆರಾಮಾಗಿ ಇದ್ದಾಗ ನೀವೇ ಮಾತು ತೆಗೆಯಿರಿ. "ಅವತ್ತು ಬೇಡ ಹತ್ತಿರ ಬಂದಾಗ ಜೋರು ಹೆದರಿಕೆ ಆಯ್ತು ಅಲ್ವಾ, ಎದೆ ಡವಡವ ಅಂತು ಅಲ್ವಾ" ಅಂತ. ಅವನು ಹೌದು ಅಂದರೆ ಅಲ್ಲಿಗೆ ಬಿಡಿ. ತಕ್ಷಣ "ಅದೆಲ್ಲ ಸುಳ್ಳು ಪುಟ್ಟಾ" ಅನ್ನಬೇಡಿ. ಆಮೇಲೆ ಒಂದು ಖಾಲಿ ಡಬ್ಬಿ, ಒಂದು ಕಡ್ಡಿ ಕೊಡಿ. ಬಾರಿಸುವವನು ತಾನೇ ಆದರೆ ಸದ್ದಿನ ಹೆದರಿಕೆ ಅರ್ಧ ಇಳಿಯುತ್ತದೆ, ಯಾಕೆಂದರೆ ನಿಲ್ಲಿಸುವುದೂ ಅವನ ಕೈಯಲ್ಲೇ ಇದೆ. ಅಪ್ಪನನ್ನು ಕೂರಿಸಿ ಅವನ ಕೈಯಿಂದಲೇ ಕಾಡಿಗೆಯ ಮೀಸೆ ಬರೆಸಿ, ಅವನ ಕೈಯಿಂದಲೇ ಒರೆಸಿ. ಬೈಯುವ ಅಪ್ಪನಿಗೆ ಇದೇ ಶಿಕ್ಷೆ ಅಂದುಕೊಳ್ಳಿ.

ಯಕ್ಷಗಾನದ ಆಟಗಳು ಶುರುವಾಗುವ ಕಾಲ ಬಂತು. ಎಲ್ಲಾದರೂ ಹತ್ತಿರ ಆಟ ಇದ್ದರೆ, ಕೇಳಿಕೊಂಡು, ಸಂಜೆಯೇ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ. ಲುಂಗಿ ಉಟ್ಟ ಒಬ್ಬರು ಚಾ ಕುಡಿದು, ಕನ್ನಡಿ ಹಿಡಿದು ಕೂತು, ನಿಧಾನಕ್ಕೆ ರಾಕ್ಷಸ ಆಗುವುದನ್ನು ಅವನು ನೋಡಲಿ. ನಮ್ಮ ಬಾಲವಾಡಿಯ ಮಾಣಿಯೊಬ್ಬ ಹೀಗೆ ನೋಡಿ ಬಂದವನು, ರಾತ್ರಿ ಆ ರಾಕ್ಷಸ ಕೂಗು ಹಾಕುತ್ತಾ ರಂಗಕ್ಕೆ ಬಂದಾಗ "ಇಂವ ಆಗ್ಲೇ ಚಾ ಕುಡ್ದವ!" ಅಂತ ಇಡೀ ಸಭೆಗೆ ಕೇಳುವ ಹಾಗೆ ಕೂಗಿದ್ದ. ಆದರೆ ಎಳೆದುಕೊಂಡು ಹೋಗಬೇಡಿ, ಬಾಗಿಲಲ್ಲೇ ಸಾಕು ಅಂದರೆ ಬಾಗಿಲಲ್ಲೇ ಸಾಕು. ಅವಸರ ಇಲ್ಲ. ಮಾರಿಕಾಂಬೆ ಜಾತ್ರೆಯ ವರ್ಷ ಬೇಡರ ವೇಷ ಇರುವುದಿಲ್ಲ, 2026 ಜಾತ್ರೆಯ ವರ್ಷ. ಮತ್ತೆ ತಮಟೆ ಬೀದಿಗೆ ಬರುವ ಹೊತ್ತಿಗೆ ಅವನಿಗೆ ಐದು ದಾಟಿರುತ್ತದೆ.

ಪ್ರಶ್ನೆ: ಮೇಡಂ, ನಾನು ಕಾರವಾರದವಳು. ಯಜಮಾನರು ಬೈತಖೋಲದಿಂದ ಬೋಟಿಗೆ ಹೋಗುವವರು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇದ್ದಾಗ ಮನೆಯಲ್ಲೇ ಇದ್ದರು, ಆಗಸ್ಟಿನಲ್ಲಿ ಹೋದರು. ಮಗಳಿಗೆ ಎರಡೂವರೆ. ಅವಾಗಿನಿಂದ ಅವಳ ರಂಪಾಟ ತಡೆಯಲಾಗುತ್ತಿಲ್ಲ. ಮೊನ್ನೆ ಮೀನು ಪೇಟೆಯಲ್ಲಿ ಜೀವ ಇರುವ ಏಡಿ ಕೈಗೆ ಬೇಕು ಅಂತ ಒದ್ದೆ ನೆಲದ ಮೇಲೆ ಮಲಗಿ ಹೊರಳಾಡಿದಳು. ಎಲ್ಲರೂ ನೋಡುತ್ತಿದ್ದರು. ಒಂದೇಟು ಹಾಕಿದೆ. ರಾತ್ರಿ ನಾನೂ ಅತ್ತುಬಿಟ್ಟೆ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾಳೆ.

ಉತ್ತರ: ನೋಡುವವರು ನೋಡಲಿ. ಮೀನು ಪೇಟೆಯ ಹೆಂಗಸರು ಇದಕ್ಕಿಂತ ದೊಡ್ಡ ರಂಪ ಎಷ್ಟು ನೋಡಿಲ್ಲ!

ಎರಡೂವರೆ ವರ್ಷ ಅಂದರೆ ರಂಪಾಟದ ಸುಗ್ಗಿ. ಒಂದೂವರೆಯಿಂದ ನಾಲ್ಕರ ತನಕ ಇದು ಮಾಮೂಲಿ. ಆಸೆ ಪೂರ್ತಿ ಬೆಳೆದಿರುತ್ತದೆ, ಆಸೆಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಮಾತ್ರ ಇನ್ನೂ ಎಳೆಯದು. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ, ಹಾಗಾಗಿ ಎರಡೂವರೆಯವಳ ಹತ್ತಿರ ಲೆಕ್ಕ ಕೇಳಿ ಪ್ರಯೋಜನ ಇಲ್ಲ. 2003ರಲ್ಲಿ ಮೈಕೆಲ್ ಪೊಟೆಗಾಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಎಂಬಿಬ್ಬರು ಮಕ್ಕಳ ರಂಪಾಟವನ್ನೇ ಕೂತು ಅಳೆದರು (ಪುಣ್ಯಾತ್ಮರು!). ಮುಕ್ಕಾಲು ಪಾಲು ರಂಪ ಐದು ನಿಮಿಷದೊಳಗೆ ಮುಗಿಯುತ್ತದೆ. ಇನ್ನೊಂದು ಸಂಗತಿ ನನಗೆ ತುಂಬಾ ಉಪಯೋಗಕ್ಕೆ ಬಂತು. ಸಿಟ್ಟು ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಅದರಡಿಯಲ್ಲಿ ದುಃಖ ಮೊದಲಿನಿಂದ ಕೊನೆತನಕ ಹರಿಯುತ್ತಲೇ ಇರುತ್ತದೆ. ಸಿಟ್ಟು ಇಳಿದಾಗ ಮಗು ತಾನಾಗಿ ಎತ್ತಿಕೋ ಅಂತ ಕೈ ಚಾಚುತ್ತದೆ.

ಹಾಗಾಗಿ ಸಿಟ್ಟು ಏರಿದ ಹೊತ್ತಿಗೆ "ಎಂತಕ್ಕೆ ಅಳ್ತೀ, ಎಂತ ಆಯ್ತು, ಎಂತ ಬೇಕು" ಅಂತ ಕೇಳಬೇಡಿ. ಉತ್ತರ ಹುಡುಕುವ ತಲೆ ಆಗ ಅವಳಲ್ಲಿ ಇಲ್ಲ. ಪ್ರಶ್ನೆ ಒಲೆಗೆ ಸೌದೆ ಇಟ್ಟ ಹಾಗೆ. ಸುಮ್ನೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರಿ. ಪೆಟ್ಟಾಗುವ ಜಾಗ ಆದರೆ ಎತ್ತಿ ಬದಿಗೆ ತನ್ನಿ. ಏಡಿ ಕೊಡಬೇಡಿ, ಕಚ್ಚುತ್ತದೆ. ಕೈ ಚಾಚಿದಾಗ ಎತ್ತಿಕೊಂಡು ಮೂರೇ ಮಾತು: "ಏಡಿ ಬೇಕಿತ್ತು. ಅಮ್ಮ ಕೊಡಲಿಲ್ಲ. ಸಿಟ್ಟು ಬಂತು." ಅದಕ್ಕಿಂತ ಉದ್ದ ಬೇಡ. ಮುಂದಿನ ವರ್ಷ ಇದೇ ಮಾತನ್ನು ಅವಳು ನಿಮಗೆ ಹೇಳುತ್ತಾಳೆ, ನೆಲಕ್ಕೆ ಬೀಳುವ ಬದಲು.

ಏಟು ಹಾಕಿದ್ದಕ್ಕೆ ಅವಳ ಹತ್ತಿರ ತಪ್ಪಾಯ್ತು ಅನ್ನಿ. ಅಮ್ಮನ ಮರ್ಯಾದೆ ಇದರಿಂದ ಕಮ್ಮಿ ಆಗುವುದಿಲ್ಲ.

ಅಸಲು ವಿಷಯ ಏಡಿ ಅಲ್ಲ ಅಂತ ನನಗೆ ಅನಿಸುತ್ತದೆ. 61 ದಿನ ಅಪ್ಪ ಬೆಳಿಗ್ಗೆ ಎದ್ದರೆ ಮನೆಯಲ್ಲಿ, ರಾತ್ರಿ ಮಲಗಿದರೆ ಮನೆಯಲ್ಲಿ. 62ನೇ ದಿನ ಇಲ್ಲ. ಅವಳು ಮಲಗಿದ್ದಾಗ ಸದ್ದಿಲ್ಲದೆ ಹೊರಟುಹೋದರಾ? ಅಳುತ್ತಾಳೆ ಅಂತ ತುಂಬಾ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಆಮೇಲೆ ಮಗು ಅಮ್ಮ ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತದೆ, ಯಾರು ಯಾವಾಗ ಮಾಯವಾಗುತ್ತಾರೋ ಯಾರಿಗೆ ಗೊತ್ತು. ಅತ್ತರೂ ಅಡ್ಡಿಯಿಲ್ಲ, ಹೇಳಿಯೇ ಹೋಗಲಿ. ಅವರ ಹಳೇ ಅಂಗಿ ಒಂದು ಅವಳ ಹಾಸಿಗೆಯಲ್ಲಿ ಇರಲಿ.

ಮೊಬೈಲ್ ಬಗ್ಗೆ: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಗಂಟೆಗಿಂತ ನನಗೆ ಚಿಂತೆ ಯಾವಾಗ ಕೊಡುತ್ತೀರಿ ಅನ್ನುವುದು. ಅಳುವಾಗೆಲ್ಲ ಅದನ್ನೇ ಕೊಟ್ಟರೆ ಅಳು ತಾನಾಗಿ ಇಳಿಯುತ್ತದೆ ಅನ್ನುವುದೇ ಮಗುವಿಗೆ ತಿಳಿಯುವುದಿಲ್ಲ. ಬಸ್ಸಿನಲ್ಲಿ ಒಂದು ದಿನ ಕೊಟ್ಟಿರಿ ಅಂತ ಜೀವ ತಿನ್ನಬೇಡಿ. ರೂಢಿ ಆಗದಿದ್ದರೆ ಸಾಕು.

ಪ್ರಶ್ನೆ: ನಾನು ಕುಮಟಾದ ನಿವೃತ್ತ ಮಾಸ್ತರ. ಮೊಮ್ಮಗಳಿಗೆ ಐದು ವರ್ಷ. ಏನು ಕೇಳಿದರೂ ಒಂದೇ ಉತ್ತರ, "ಬೇಜಾರು". ಗೆಳತಿ ಬರಲಿಲ್ಲ, ಬೇಜಾರು. ಅಮ್ಮ ಬೈದಳು, ಬೇಜಾರು. ಶಾಲೆಗೆ ಹೊರಡುವಾಗ ಹೊಟ್ಟೆ ನೋವು, ಕೇಳಿದರೆ ಅದೂ ಬೇಜಾರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಕೇರಿಯಲ್ಲಿ ಕನ್ನಡ. ಇದು ಮಾತಿನ ಬಡತನವೋ, ಮನಸ್ಸಿನ ಕಷ್ಟವೋ?

ಉತ್ತರ: ಮಾಸ್ತರೇ, ನಮಸ್ಕಾರ. ನಿಮ್ಮ ಮೊಮ್ಮಗಳನ್ನು ಬೈಯುವ ಮೊದಲು ನಮ್ಮನ್ನೇ ನೋಡಿಕೊಳ್ಳಬೇಕು. ಕೆಲಸವಿಲ್ಲದಿದ್ದರೆ ಬೇಜಾರು, ಕೆಲಸ ಜಾಸ್ತಿಯಾದರೂ ಬೇಜಾರು. ಸತ್ತ ಮನೆಗೆ ಹೋಗಿ ಬಂದು ಬೇಜಾರು ಅನ್ನುತ್ತೇವೆ, ಕರೆಂಟು ಹೋದರೂ ಬೇಜಾರೇ. ಯಾರಾದರೂ ನೋಯಿಸುವ ಮಾತಾಡಿ "ಬೇಜಾರು ಮಾಡ್ಕೋಬೇಡಿ" ಅನ್ನುತ್ತಾರೆ. ಒಂದು ಶಬ್ದ ಇಷ್ಟು ಹೊತ್ತುಕೊಂಡರೆ ಐದು ವರ್ಷದವಳು ಏನು ಮಾಡಬೇಕು?

ಈ ವಯಸ್ಸಿಗೆ ಪಟ್ಟಿ ಚಿಕ್ಕದೇ ಇರುತ್ತದೆ. ಮಕ್ಕಳಿಗೆ ಮುಖ ತೋರಿಸಿ ಇವರಿಗೆ ಏನಾಗಿದೆ ಅಂತ ಕೇಳಿದಾಗ, ಮೊದಲು ಬಾಯಿಗೆ ಬರುವ ಶಬ್ದ ಖುಷಿ. ಆಮೇಲೆ ಸಿಟ್ಟು, ಅಳು. ಹೆದರಿಕೆ, ಆಶ್ಚರ್ಯ ಇನ್ನೂ ಸ್ವಲ್ಪ ತಡ. ಅಸಹ್ಯದ ಮುಖವನ್ನಂತೂ ಪ್ರಾಥಮಿಕ ಶಾಲೆಗೆ ಹೋಗುವ ಎಷ್ಟೋ ಮಕ್ಕಳು ಸಿಟ್ಟು ಅಂತಲೇ ಓದುತ್ತಾರೆ. ಭರತ ನಾಟ್ಯಶಾಸ್ತ್ರದಲ್ಲಿ ಎಣಿಸಿದ್ದು ಎಂಟು ರಸ, ಶಾಂತ ಆಮೇಲೆ ಸೇರಿದ್ದು. ತಾಳಮದ್ದಳೆ ಕೇಳುವ ಊರಿನವರು ನೀವು, ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಮೊಮ್ಮಗಳ ಹತ್ತಿರ ಈಗ ಮೂರು ಇದ್ದರೆ ಕೊರತೆಯೇನಿಲ್ಲ.

ಹೆಸರು ಹೇಳಿದರೆ ಏನು ಲಾಭ ಅಂತ ಕೇಳಬಹುದು. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಯವರು ದೊಡ್ಡವರಿಗೆ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಆ ಭಾವನೆಯ ಹೆಸರು ಗುರುತಿಸಿದಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಅನ್ನುವ ಭಾಗ ಸ್ವಲ್ಪ ತಣ್ಣಗಾಯಿತು. ಅದು ದೊಡ್ಡವರ ಮಾತು. ಮಕ್ಕಳಲ್ಲಿ ನಾನು ಕಣ್ಣಾರೆ ಕಂಡದ್ದು ಇಷ್ಟು: ಹೆಸರು ಸಿಕ್ಕಿದ ಸಿಟ್ಟು ಕೈಗೆ ಇಳಿಯುವುದು ಕಮ್ಮಿ.

ಕಲಿಸುವುದಕ್ಕೆ ಪುಸ್ತಕ, ಚಾರ್ಟು ತರಬೇಡಿ. ನಮ್ಮ ಭಾಷೆ ಭಾವನೆಗಳನ್ನೆಲ್ಲ ಮೈಯಲ್ಲೇ ಇಟ್ಟಿದೆ ನೋಡಿ. ಎದೆ ಡವಡವ, ಗಂಟಲು ಕಟ್ಟಿತು, ಹೊಟ್ಟೆ ಉರಿಯಿತು, ಮೈ ಜುಂ ಅಂದಿತು, ಮುಖ ಸಣ್ಣ ಮಾಡಿದಳು, ಮೂಗಿನ ತುದಿಯಲ್ಲಿ ಸಿಟ್ಟು. ಮಗುವಿಗೆ ಮನಸ್ಸು ಅಂದರೆ ತಿಳಿಯುವುದಿಲ್ಲ, ಹೊಟ್ಟೆ ಅಂದರೆ ತಿಳಿಯುತ್ತದೆ. ಹಾಗಾಗಿ "ಏನನಿಸ್ತಿದೆ" ಅಂತ ಕೇಳದೆ "ಎಲ್ಲಿ ಆಗ್ತಿದೆ" ಅಂತ ಕೇಳಿ. ಹೊಟ್ಟೆಯಲ್ಲಿ ಅಂದರೆ, ಶಾಲೆಯ ಯಾವ ಹೊತ್ತು ನೆನೆದರೆ ಹೊಟ್ಟೆಯಲ್ಲಿ ಆಗುತ್ತದೆ ಅಂತ ನಿಧಾನಕ್ಕೆ ಹುಡುಕಿ. ಊಟದ ಡಬ್ಬಿ ತೆಗೆಯುವ ಹೊತ್ತಾ, ಆಟದ ಹೊತ್ತಾ, ಶೌಚಾಲಯಕ್ಕೆ ಹೋಗುವ ಹೊತ್ತಾ? ನಮ್ಮಲ್ಲಿ ಒಂದು ಹುಡುಗಿಯ ಹೊಟ್ಟೆನೋವಿನ ಕಾರಣ ಶೌಚಾಲಯದ ಮುರಿದ ಚಿಲಕ ಆಗಿತ್ತು. ದಿನಾ ಹೊಟ್ಟೆ ನೋವು ಅಂದರೆ ಒಮ್ಮೆ ಡಾಕ್ಟರಿಗೂ ತೋರಿಸಿ, ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು.

ಮೂರು ಭಾಷೆ ಏನೂ ತೊಂದರೆಯಲ್ಲ. ಆದರೆ ಅಳು ಬರುವುದು ಮನೆಮಾತಿನಲ್ಲಿ. ನಾನು ಹೊಸತರಲ್ಲಿ ಒಂದು ಮಗು ಮೂಲೆಯಲ್ಲಿ ನಿಂತು "ರಾಗು, ರಾಗು" ಅಂದಾಗ, ಹಾಡು ಬೇಕಾಗಿರಬೇಕು ಅಂತ ಹಾಡಲು ಶುರುಮಾಡಿದ್ದೆ. ಕೊಂಕಣಿಯಲ್ಲಿ ರಾಗು ಅಂದರೆ ಸಿಟ್ಟು. ನಾನು ಹಾಡಿದಷ್ಟೂ ಅದರ ಸಿಟ್ಟು ಏರಿತು. ಮೊಮ್ಮಗಳ ಹತ್ತಿರ ಮನಸ್ಸಿನ ಮಾತನ್ನು ಕೊಂಕಣಿಯಲ್ಲೇ ಆಡಿ ಮಾಸ್ತರೇ. ಮತ್ತೆ ನಿಮ್ಮದನ್ನೂ ಹೇಳಿ. "ಇವತ್ತು ಅಜ್ಜನಿಗೆ ಪೆನ್ಷನ್ ಆಫೀಸಿನಲ್ಲಿ ಕಾದು ಕಾದು ಸಿಟ್ಟು ಬಂತು, ಹೊರಗೆ ಬಂದು ಶರಬತ್ತು ಕುಡಿದೆ, ಇಳಿಯಿತು." ಅಜ್ಜನಿಗೂ ಸಿಟ್ಟು ಬರುತ್ತದೆ, ಇಳಿಯುತ್ತದೆ ಅಂತ ಅವಳಿಗೆ ಮೊದಲ ಸಲ ಗೊತ್ತಾಗಬಹುದು.

ಪ್ರಶ್ನೆ: ಸಿದ್ದಾಪುರದಿಂದ. ತಿಂಡಿ ಎದುರಿಗಿಟ್ಟು ಕಾಯಿಸುವ ಪರೀಕ್ಷೆಯ ವಿಡಿಯೋ ನೋಡಿದೆ. ಕಾಯಲಾರದ ಮಕ್ಕಳು ಮುಂದೆ ಜೀವನದಲ್ಲಿ ಹಿಂದೆ ಬೀಳುತ್ತಾರಂತೆ. ನಾಲ್ಕೂವರೆಯ ಮಗಳ ಎದುರು ಒಂದು ಲಾಡು ಇಟ್ಟು, ಕಾಲು ಗಂಟೆ ತಿನ್ನದಿದ್ದರೆ ಎರಡು ಅಂದೆ. ನಾನು ಬಾಗಿಲು ದಾಟುವ ಮೊದಲೇ ತಿಂದು ಮುಗಿಸಿದ್ದಳು. ಚಿಂತೆಯಾಗಿದೆ.

ಉತ್ತರ: ಲಾಡು ಚೆನ್ನಾಗಿತ್ತು ಅಂತಾಯ್ತು!

ಅದು ವಾಲ್ಟರ್ ಮಿಶೆಲ್ ಅನ್ನುವವರು 1960ರ ದಶಕದ ಕೊನೆಯಿಂದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗ. ವಿಡಿಯೋದವರು ಹೇಳದೆ ಬಿಟ್ಟ ಕತೆ ಒಂದಿದೆ. 2018ರಲ್ಲಿ ಬೇರೆಯವರು 900ಕ್ಕಿಂತ ಹೆಚ್ಚು ಮಕ್ಕಳ ಲೆಕ್ಕ ಹಿಡಿದು ಮತ್ತೆ ನೋಡಿದರು. ಮನೆಯ ಪರಿಸ್ಥಿತಿ, ತಾಯಿಯ ಓದು, ಇದನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ಕಾಯುವ ಶಕ್ತಿಗೂ ಮುಂದಿನ ಮಾರ್ಕಿಗೂ ಇದ್ದ ನಂಟು ತುಂಬಾ ಸಣ್ಣದಾಯಿತು. ಒಂದು ಲಾಡಿನಲ್ಲಿ ಜಾತಕ ಬರೆಯಬೇಡಿ.

ನನಗೆ ಆ ಪ್ರಯೋಗದಲ್ಲಿ ಇಷ್ಟವಾದದ್ದು ಬೇರೆ. ಕಾದ ಮಕ್ಕಳು ಹಲ್ಲು ಕಚ್ಚಿ ತಿಂಡಿ ನೋಡುತ್ತಾ ಕೂತವರಲ್ಲ. ಕಣ್ಣು ಮುಚ್ಚಿಕೊಂಡರು, ಬೇರೆ ಕಡೆ ತಿರುಗಿದರು, ತಮ್ಮಷ್ಟಕ್ಕೆ ಹಾಡಿಕೊಂಡರು. ಅಂದರೆ ತಾಳ್ಮೆ ಅನ್ನುವುದು ಹುಟ್ಟಿಗೆ ಬಂದ ಗುಣ ಅಷ್ಟೇ ಅಲ್ಲ, ಒಂದಿಷ್ಟು ಉಪಾಯ. ಅದನ್ನು ಕಲಿಸಬಹುದು. ದೋಸೆ ಬೇಯುವ ತನಕ ಹಂಚಿನ ಹೊಗೆ ನೋಡುತ್ತಾ ಹಟ ಮಾಡುವವಳಿಗೆ ತಟ್ಟೆ ಇಡುವ, ಬೆಲ್ಲದ ಡಬ್ಬಿ ತರುವ ಕೆಲಸ ಕೊಡಿ. ಮತ್ತೆ, ಎರಡನೇ ಲಾಡು ಕೊಡುತ್ತೇನೆ ಅಂದ ಮೇಲೆ ಕೊಟ್ಟೇ ಕೊಡುವ ಅಪ್ಪನಾಗಿರಿ. ಹೇಳಿದ್ದು ಸಿಗದ ಮನೆಯಲ್ಲಿ ಸಿಕ್ಕಿದ್ದನ್ನು ತಕ್ಷಣ ತಿನ್ನುವುದೇ ಬುದ್ಧಿವಂತಿಕೆ ಅಲ್ವಾ?

ಪ್ರಶ್ನೆ: ಅಂಕೋಲಾ ತಾಲ್ಲೂಕಿನ ತಾಯಿ. ಮಗಳಿಗೆ ಆರು ವರ್ಷ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅವಳು ಐದೂ ತುಂಬದ ಮಗು. ನಮ್ಮ ಮನೆಗೆ ಏನೂ ಆಗಿಲ್ಲ. ಆದರೆ ಎರಡು ಮಳೆಗಾಲ ಕಳೆದರೂ ರಾತ್ರಿ ಮಳೆ ಜೋರಾದರೆ ಎದ್ದು ಕೂತು "ಗುಡ್ಡ ಬೀಳ್ತದಾ?" ಅಂತ ಕೇಳುತ್ತಾಳೆ. ಏನೂ ಆಗುವುದಿಲ್ಲ ಅಂದರೆ ನಂಬುವುದಿಲ್ಲ.

ಉತ್ತರ: ನಂಬುವುದಿಲ್ಲ, ಯಾಕೆಂದರೆ ಏನೋ ಆದದ್ದನ್ನು ಅವಳು ಕಂಡಿದ್ದಾಳೆ. ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಬಂದದ್ದು, ಗಂಗಾವಳಿ ಹೊಳೆಯಲ್ಲಿ ವಾರಗಟ್ಟಲೆ ಹುಡುಕಿದ್ದು, ಇದನ್ನು ನಾವೆಲ್ಲ ಮಕ್ಕಳ ಎದುರೇ ಟಿ.ವಿ. ಹಾಕಿಕೊಂಡು ನೋಡಿದೆವು. ಚಿಕ್ಕ ಮಕ್ಕಳಿಗೆ ಒಂದೇ ದೃಶ್ಯವನ್ನು ಹತ್ತು ಸಲ ತೋರಿಸಿದರೆ, ಹತ್ತು ಸಲ ಗುಡ್ಡ ಬಿದ್ದ ಹಾಗೆ. ಅದು ನನ್ನ ಮನೆಯಲ್ಲೂ ನಡೆದಿದೆ, ನಿಮಗೊಬ್ಬರಿಗೇ ಹೇಳುತ್ತಿಲ್ಲ.

ಒಂದು ಪ್ರಯೋಗ ನೆನಪಾಗುತ್ತದೆ. 1985ರಲ್ಲಿ ಪ್ರಕಟವಾದದ್ದು. ಒಂದು ವರ್ಷದ ಕೂಸುಗಳನ್ನು ಗಾಜಿನ ಹಾಸಿನ ಮೇಲೆ ಬಿಟ್ಟರು. ನಡುವೆ ನೆಲ ಕೆಳಗಿಳಿದ ಹಾಗೆ ಕಾಣುತ್ತದೆ, ಆದರೆ ಗಾಜು ಗಟ್ಟಿ ಇದೆ. ಆಚೆ ತುದಿಯಲ್ಲಿ ಅಮ್ಮ. ಅಮ್ಮ ನಗುಮುಖ ಮಾಡಿದಾಗ 19 ಕೂಸುಗಳಲ್ಲಿ 14 ಅಂಬೆಗಾಲಿಟ್ಟು ದಾಟಿದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಮಾತು ಬರುವ ಮೊದಲೇ ಮಕ್ಕಳು ನಮ್ಮ ಮುಖ ಓದಿ ಅಪಾಯ ಅಳೆಯುತ್ತಾರೆ. ರಾತ್ರಿ ಮಳೆ ಜೋರಾದಾಗ ನೀವು ಕಿಟಕಿಗೆ ಹೋಗುತ್ತೀರಾ, ಫೋನ್ ತೆಗೆದು ಗುಂಪಿನ ಮೆಸೇಜು ನೋಡುತ್ತೀರಾ? ನೋಡುತ್ತಿರಬಹುದು, ನೋಡಬೇಕಾದ ಊರು ಅದು. ಬಾಯಿ "ಏನೂ ಇಲ್ಲ" ಅಂದು ಮುಖ ಬೇರೆ ಹೇಳಿದರೆ ಮಗು ಮುಖವನ್ನೇ ನಂಬುತ್ತದೆ.

ಅದಕ್ಕೆ ನಿಜ ಹೇಳಿ. "ಅಮ್ಮನಿಗೂ ಆ ಗುಡ್ಡ ನೆನಪಾಗಿ ಹೆದರಿಕೆ ಆಗ್ತದೆ. ಎಲ್ಲ ಮಳೆಗೂ ಗುಡ್ಡ ಬೀಳೂದಿಲ್ಲ. ನಮ್ಮನೆ ಹಿಂದೆ ಗುಡ್ಡ ಇಲ್ಲ. ಜೋರು ಮಳೆ ಅಂತ ಸರ್ಕಾರದವರು ಹೇಳಿದ್ರೆ ನಾವು ಅಜ್ಜನಮನೆಗೆ ಹೋಗೋಣ." ನಿಮ್ಮ ಮನೆಗೆ ಯಾವುದು ನಿಜವೋ ಅದನ್ನೇ ಹೇಳಿ, ಮನೆ ಹಿಂದೆ ಗುಡ್ಡ ಇದ್ದರೆ ಇಲ್ಲ ಅನ್ನಬೇಡಿ. ಅವಳ ಕೈಗೂ ಒಂದು ಕೆಲಸ ಇರಲಿ. ಟಾರ್ಚು, ಎರಡು ಅಂಗಿ, ಒಂದು ಬಿಸ್ಕಿಟ್ ಪ್ಯಾಕು ಹಾಕಿದ ಚೀಲ ಅವಳದೇ ಉಸ್ತುವಾರಿ. ಮಳೆಗಾಲದಲ್ಲಿ ಆ ಬಿಸ್ಕಿಟ್ ಮೂರು ಸಲ ಖಾಲಿಯಾಗುತ್ತದೆ, ಆಗಲಿ. ರಾತ್ರಿ ಎದ್ದಾಗ ಹೊಟ್ಟೆಯ ಮೇಲೆ ಗೊಂಬೆ ಇಟ್ಟು, ಗೊಂಬೆ ಮೇಲೆ ಕೆಳಗೆ ಹೋಗುವ ಹಾಗೆ ನಿಧಾನ ಉಸಿರು ತೆಗೆಯಲು ಹೇಳಿ. ಹಗಲಲ್ಲಿ ಆಟದ ಹಾಗೆ ರೂಢಿ ಮಾಡಿಸಿದ್ದರೆ ಮಾತ್ರ ರಾತ್ರಿ ಕೆಲಸಕ್ಕೆ ಬರುತ್ತದೆ.

ಆದರೆ ಒಂದು ಮಾತು. ಇದು ಒಂದು ವರ್ಷ ದಾಟಿದೆ. ನಿದ್ದೆ ಕೆಡುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಶಾಲೆಗೆ ಹೋಗಲು ಒಪ್ಪದಿರುವುದು, ಇಂಥದ್ದೇನಾದರೂ ಜೊತೆಗಿದ್ದರೆ ತಡ ಮಾಡದೆ ಮಕ್ಕಳ ಡಾಕ್ಟರನ್ನೋ ಮನೋವೈದ್ಯರನ್ನೋ ಕಾಣಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರು 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಸ್ವಂತ ಹೆದರಿಕೆಗೂ ಅದೇ ನಂಬರಿಗೆ ಮಾಡಬಹುದು.

ಪ್ರಶ್ನೆ: ಹೊನ್ನಾವರ. ನಾಲ್ಕು ವರ್ಷದ ದೊಡ್ಡವನು ಎರಡು ತಿಂಗಳ ತಂಗಿಯನ್ನು ಎಲ್ಲರ ಎದುರು ಮುದ್ದು ಮಾಡುತ್ತಾನೆ, ಯಾರೂ ಇಲ್ಲದಾಗ ಚಿವುಟುತ್ತಾನೆ. ಇಷ್ಟು ಚಿಕ್ಕವನಿಗೆ ಇಷ್ಟು ಕಪಟವೇ?

ಉತ್ತರ: ಕಪಟ ಅಲ್ಲ. ಎರಡೂ ನಿಜ. ಒಂದೇ ಹೊತ್ತಿಗೆ ಒಬ್ಬರ ಮೇಲೆ ಪ್ರೀತಿಯೂ ಸಿಟ್ಟೂ ಇರಬಹುದು ಅಂತ ಮಕ್ಕಳಿಗೆ ಅರ್ಥವಾಗುವುದು ಏಳೆಂಟು ವರ್ಷದ ಹೊತ್ತಿಗೆ. ಅಲ್ಲಿಯ ತನಕ ಒಂದಾದ ಮೇಲೆ ಒಂದು ಬರುತ್ತದೆ, ಮುದ್ದಿನ ಸರದಿ ಮುಗಿದರೆ ಚಿವುಟುವ ಸರದಿ. ಅವನ ಪರವಾಗಿ ನೀವೇ ಹೇಳಿ: "ತಂಗಿ ಬಂದ ಮೇಲೆ ಅಮ್ಮ ಸಿಗೂದೇ ಇಲ್ಲ ಅಲ್ವಾ. ಹೊಟ್ಟೆಕಿಚ್ಚು ಆಗ್ತದೆ. ಆಗ ನನ್ನನ್ನು ಕರಿ. ಚಿವುಟೂದು ಮಾತ್ರ ಇಲ್ಲ." ಹೊಟ್ಟೆಕಿಚ್ಚು ಬರುವುದಕ್ಕೆ ಪರವಾನಗಿ ಉಂಟು, ಚಿವುಟಲು ಇಲ್ಲ. ದಿನಕ್ಕೆ ಹತ್ತು ನಿಮಿಷ, ಕೂಸು ಅಜ್ಜಿಯ ಹತ್ತಿರ ಇರುವಾಗ, ಬಾಗಿಲು ಹಾಕಿ ಅವನೊಬ್ಬನ ಅಮ್ಮನಾಗಿರಿ. ಮತ್ತೆ ಸದ್ಯಕ್ಕೆ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. "ನೀನು ದೊಡ್ಡವನು" ಅನ್ನುವ ಮಾತನ್ನು ಸ್ವಲ್ಪ ದಿನ ಮಾಡಿನ ಮೇಲೆ ಎಸೆಯಿರಿ. ನಾಲ್ಕು ವರ್ಷದವನು ದೊಡ್ಡವನಲ್ಲ.

ಪ್ರಶ್ನೆ: ನಾನು ಯಲ್ಲಾಪುರ, ನಾಲ್ಕನೇ ಕ್ಲಾಸು. ನನ್ನ ತಮ್ಮನಿಗೆ ಸಿಟ್ಟು ಬಂದರೆ ನನಗೆ ಕಚ್ಚುತ್ತಾನೆ. ಅವನಿಗೆ ಒಂದೂವರೆ ವರ್ಷ. ಅಮ್ಮ ಅವನು ಪಾಪು ಅನ್ನುತ್ತಾಳೆ. ನಾನು ಏನು ಮಾಡಲಿ?

ಉತ್ತರ: ಪುಟ್ಟೀ, ನಿನ್ನ ಪತ್ರ ಎಲ್ಲಕ್ಕಿಂತ ಚಿಕ್ಕದು, ಅಕ್ಷರ ಎಲ್ಲಕ್ಕಿಂತ ಚಂದ. ನಿನಗೆ ನೋವಾಗುತ್ತದೆ, ಸಿಟ್ಟೂ ಬರುತ್ತದೆ, ಅದು ಸರಿ. ಅವನು ಪಾಪು ಅನ್ನುವುದೂ ಸರಿ. ಅವನ ಬಾಯಲ್ಲಿ ಇನ್ನೂ ಜಾಸ್ತಿ ಮಾತಿಲ್ಲ, ಹಲ್ಲು ಮಾತ್ರ ಇದೆ. ಅವನು ಬಾಯಿ ತೆರೆದು ಹತ್ತಿರ ಬಂದರೆ ಕೈ ಅಡ್ಡ ಇಟ್ಟು, ಜೋರಾಗಿ ಒಂದೇ ಸಲ "ಕಚ್ಚಬಾರದು, ನೋವಾಗ್ತದೆ" ಅನ್ನು, ಎದ್ದು ಆಚೆ ಹೋಗು. ನಗಬೇಡ, ನಕ್ಕರೆ ಅವನಿಗೆ ಆಟ ಆಗುತ್ತದೆ. ತಿರುಗಿ ಕಚ್ಚಬೇಡ. ಕಚ್ಚಿದ ಜಾಗವನ್ನು ಸೋಪು ಹಾಕಿ ತೊಳೆದು ಅಮ್ಮನಿಗೆ ತೋರಿಸು, ಈ ಪುಟವನ್ನೂ ತೋರಿಸು. ಅಮ್ಮ ಮೊದಲು ನಿನ್ನ ಕೈ ನೋಡಬೇಕು, ಆಮೇಲೆ ಪಾಪುವನ್ನು, ಅಂತ ಅಕ್ಕೋರು ಹೇಳಿದ್ದಾರೆ ಅನ್ನು. ಮುಂದಿನ ಪತ್ರದಲ್ಲಿ ಅವನಿಗೆ ಈಗ ಎಷ್ಟು ಹಲ್ಲು ಬಂದಿದೆ ಅಂತ ಎಣಿಸಿ ಬರಿ. ದೂರದಿಂದಲೇ ಎಣಿಸು.